ಶಾಸ್ತ್ರವನ್ನು ಕನ್ನಡಕ್ಕೆ ತಂದವರು: ಬೆಳ್ವಲನಾಡಿನ ನೆಲದಿಂದ ಒಂದು ಅವಲೋಕನ

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೇ, ಹೇಳಿದರೆ ಅದು ಜನಸಾಮಾನ್ಯರಿಗೆ ಮುಟ್ಟುವುದೇ ಎಂಬ ಪ್ರಶ್ನೆ ಇಂಗ್ಲಿಷ್ ವಿದ್ಯಾಭ್ಯಾಸ ಬಂದ ಮೇಲೆ ಹುಟ್ಟಿದ್ದೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಈ ಪ್ರಶ್ನೆಗೆ ಸುಮಾರು ಒಂದು ಸಾವಿರ ವರ್ಷಗಳ ಇತಿಹಾಸವಿದೆ. ಅದನ್ನು ಎದುರಿಸಿ ಉತ್ತರ ಕೊಟ್ಟವರಲ್ಲಿ ಮೊದಲಿಗರೆನ್ನಬಹುದಾದ ಒಬ್ಬನು ಇಂದಿನ ಗದಗ ಜಿಲ್ಲೆಗೆ ಸೇರಿದವನು. ಬೆಳ್ವಲನಾಡಿನ ನರಿಗುಂದ, ಎಂದರೆ ಇಂದಿನ ನರಗುಂದದ ಶ್ರೀಧರಾಚಾರ್ಯನು ಶಕವರ್ಷ ೯೭೧ರಲ್ಲಿ, ಕ್ರಿಸ್ತಶಕ ೧೦೪೯ರಲ್ಲಿ, 'ಜಾತಕತಿಲಕ'ವೆಂಬ ಜ್ಯೋತಿಷ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಆಗ ಕಲ್ಯಾಣದ ಚಾಲುಕ್ಯರ ಆಹವಮಲ್ಲ ಸೋಮೇಶ್ವರನು ಆಳುತ್ತಿದ್ದನು. ಜ್ಯೋತಿಷವನ್ನು ಕುರಿತು ಕನ್ನಡದಲ್ಲಿ ಅದುವರೆಗೆ ಯಾರೂ ಬರೆದಿಲ್ಲವಾದ್ದರಿಂದ ನೀನು ಬರೆಯಬೇಕೆಂದು ವಿದ್ವಾಂಸರು ಕೇಳಿಕೊಂಡುದೇ ಗ್ರಂಥರಚನೆಗೆ ಕಾರಣವೆಂದು ಕವಿ ಹೇಳಿಕೊಂಡಿದ್ದಾನೆ. ತ್ರಿಶತಿಕೆಯನ್ನು ಬರೆದ ಪ್ರಸಿದ್ಧ ಗಣಿತಜ್ಞ ಶ್ರೀಧರನು ಇವನಿಗಿಂತ ಹಿಂದಿನವನು. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಂದುಮಾಡಬಾರದು.

ಈ ಕೇಳಿಕೆಯ ಸ್ವರೂಪ ಗಮನಾರ್ಹವಾದುದು. ಕೇಳಿದವರು ವಿದ್ವಾಂಸರು. ಸಂಸ್ಕೃತದಲ್ಲಿ ವರಾಹಮಿಹಿರನೇ ಮೊದಲಾದವರ ಗ್ರಂಥಗಳು ಅವರ ಕೈಗೆ ಎಟಕುತ್ತಿದ್ದವು. ಆದರೂ ಕನ್ನಡದಲ್ಲಿ ಬೇಕೆಂದು ಅವರಿಗೆ ತೋರಿತೆಂದರೆ, ಶಾಸ್ತ್ರದ ಬಳಕೆ ಸಂಸ್ಕೃತ ಬಲ್ಲವರ ವಲಯವನ್ನು ಮೀರಿ ಹರಡಿತ್ತೆಂದೇ ಅರ್ಥ. ಸ್ಥಳದ ಮಹತ್ತ್ವವನ್ನೂ ಮರೆಯುವಂತಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಈ ನಾಲ್ಕು ಊರುಗಳ ನಡುವಣ ನಾಡನ್ನು ಕವಿರಾಜಮಾರ್ಗವು ಕನ್ನಡದ ತಿರುಳೆಂದು ಕರೆದಿದೆಯಷ್ಟೆ. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ನರಗುಂದ, ಗದಗ, ಲಕ್ಕುಂಡಿ, ಮುಳಗುಂದಗಳೆಲ್ಲ ಈ ಎಲ್ಲೆಯೊಳಗೇ ಬರುತ್ತವೆ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡನು. ನೂರು ವರ್ಷ ಕಳೆದ ಮೇಲೆ ಅದೇ ನೆಲದಲ್ಲಿ ಆ ಭಾಷೆಗೆ ಕಾವ್ಯದ ಹೊರಗಿನ ಒಂದು ಕೆಲಸವನ್ನು ಒಪ್ಪಿಸಲಾಯಿತು.

ಜಾತಕತಿಲಕಕ್ಕಿಂತ ಒಂದು ತಲೆಮಾರು ಹಿಂದೆ, ಸುಮಾರು ೧೦೨೫ರಲ್ಲಿ, ಚಾವುಂಡರಾಯನೆಂಬವನು 'ಲೋಕೋಪಕಾರ'ವನ್ನು ಬರೆದನು. (ಇವನು ಗೊಮ್ಮಟ ವಿಗ್ರಹವನ್ನು ಮಾಡಿಸಿದ ಚಾವುಂಡರಾಯನಲ್ಲ.) ಪಂಚಾಂಗ, ವಾಸ್ತು, ಬಾವಿ ತೋಡಲು ನೀರಿರುವ ನೆಲವನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡಿಗೆ, ಮನುಷ್ಯರ ಮತ್ತು ದನಗಳ ವೈದ್ಯ, ವಿಷಚಿಕಿತ್ಸೆ, ಶಕುನ ಎಲ್ಲವೂ ಅದರಲ್ಲಿ ಅಡಕವಾಗಿವೆ. ಜ್ಯೋತಿಷದ ಸಂಗತಿಯೂ ಒಂದು ಭಾಗದಲ್ಲಿ ಬಂದಿದೆ. ಆದ್ದರಿಂದ ಶ್ರೀಧರಾಚಾರ್ಯನಿಗೆ ಸಲ್ಲುವ ಮೊದಲಿಗತನ ಆ ಶಾಸ್ತ್ರಕ್ಕೇ ಮೀಸಲಾದ ಗ್ರಂಥಕ್ಕೆ ಸಂಬಂಧಿಸಿದ್ದೆಂದು ತಿಳಿಯಬೇಕು. ಲೋಕೋಪಕಾರವೆಂಬ ಹೆಸರೇ ಗ್ರಂಥದ ಉದ್ದೇಶವನ್ನು ಸಾರುತ್ತದೆ. ಅದು ಒಕ್ಕಲಿಗನ ಮನೆಗೂ ಅರಮನೆಗೂ ಸಮಾನವಾಗಿ ಬೇಕಾದ ಪುಸ್ತಕ.

ಇಂತಹ ಗ್ರಂಥಗಳು ಪದ್ಯದಲ್ಲಿವೆಯೆಂದು ಇಂದಿನ ಓದುಗನು ಆಶ್ಚರ್ಯಪಡಬಹುದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓಲೆಗರಿಗಿಂತ ಕಂಠವೇ ಭದ್ರವಾದ ಭಂಡಾರವಾಗಿತ್ತು. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆದರೆ ಅಂತಹ ದಾನಶೀಲೆಯ ಕೈ ಪುರಾಣಕ್ಕೆ ಒದಗಿದಂತೆ ಶಾಸ್ತ್ರಗ್ರಂಥಕ್ಕೆ ಒದಗುವುದು ಅಪರೂಪ. ಕಂದಪದ್ಯವು ಚಿಕ್ಕದು, ನೆನಪಿನಲ್ಲಿ ನಿಲ್ಲುವಂಥದು. ಅದರ ದೋಷವೂ ಅಲ್ಲಿಯೇ ಇದೆ. ಛಂದಸ್ಸಿಗೆ ಒಗ್ಗುವಂತೆ ವಿಷಯವನ್ನು ಅಡಕಮಾಡಿದಾಗ ವಿವರಣೆ ಬಿಟ್ಟುಹೋಗುತ್ತದೆ, ಗುರುವಿಲ್ಲದೆ ಪದ್ಯವು ಬಿಚ್ಚಿಕೊಳ್ಳುವುದಿಲ್ಲ. ಪಾರಿಭಾಷಿಕ ಶಬ್ದಗಳಾದ ರಾಶಿ, ಲಗ್ನ, ಭಾವ, ದಶೆ ಇವೆಲ್ಲ ಸಂಸ್ಕೃತದವೇ ಆಗಿ ಉಳಿದವು. ಕ್ರಿಯಾಪದ, ವಿಭಕ್ತಿ, ವಾಕ್ಯದ ಕಟ್ಟು ಕನ್ನಡದವಾದವು. ಇಂದು ನಾವು ವಿಜ್ಞಾನದ ಲೇಖನದಲ್ಲಿ ಆಮ್ಲಜನಕವೆನ್ನಬೇಕೋ ಆಕ್ಸಿಜನ್ ಎನ್ನಬೇಕೋ ಎಂದು ಮಾಡುವ ಚರ್ಚೆಯ ಮೂಲರೂಪ ಇದೇ.

ಭಾಷೆಯನ್ನು ಕುರಿತ ಈ ತೊಡಕನ್ನು ಎಲ್ಲರಿಗಿಂತ ಗಟ್ಟಿಯಾಗಿ ಎತ್ತಿ ಆಡಿದವನೂ ಇದೇ ನೆಲದವನು. ಗದಗಿನಿಂದ ನೈಋತ್ಯಕ್ಕಿರುವ ಮುಳಗುಂದದ ನಯಸೇನನು ೧೧೧೨ರಲ್ಲಿ 'ಧರ್ಮಾಮೃತ'ವನ್ನು ಮುಗಿಸಿದನು. ಅದು ಶಾಸ್ತ್ರಗ್ರಂಥವಲ್ಲ, ಜೈನಧರ್ಮದ ಕಥೆಗಳ ಸಂಕಲನ. ಆದರೆ ಶುದ್ಧಗನ್ನಡದಲ್ಲಿ ಹೇಳಲಾರದೆ ಸಕ್ಕದವನ್ನು ಬೆರಸುವವರನ್ನು ಅವನು ತುಪ್ಪಕ್ಕೆ ಎಣ್ಣೆ ಬೆರಸುವವರಿಗೆ ಹೋಲಿಸಿ ಹಳಿದಿದ್ದಾನೆ. ವಿನೋದವೆಂದರೆ, ಆ ಮಾತನ್ನಾಡುವ ಪದ್ಯದಲ್ಲಿಯೇ ತುಪ್ಪ, ಎಣ್ಣೆಗಳಿಗೆ ಅವನು ಬಳಸಿದ್ದು ಸಂಸ್ಕೃತ ಶಬ್ದಗಳನ್ನು. ಇದನ್ನು ಅವನ ಸೋಲೆಂದು ನಗುವುದು ಸುಲಭ. ಆದರೆ ಧರ್ಮಾಮೃತದ ಜೀವಾಳ ಶಬ್ದಗಳ ಶುದ್ಧಿಯಲ್ಲಿಲ್ಲ. ಅಡಿಗೆಮನೆ, ಹೊಲ, ಸಂತೆಗಳಿಂದ ಆಯ್ದು ತಂದ ಉಪಮೆ ಮತ್ತು ಗಾದೆಗಳ ಸಾಲಿನಲ್ಲಿದೆ. ಕೇಳುವವನಿಗೆ ಗೊತ್ತಿರುವ ವಸ್ತುವಿನಿಂದ ಗೊತ್ತಿಲ್ಲದ ತತ್ತ್ವಕ್ಕೆ ಸೇತುವೆ ಕಟ್ಟುವ ಈ ವಿದ್ಯೆ ಶಾಸ್ತ್ರವನ್ನು ಜನರಿಗೆ ಹೇಳುವವನಿಗೆ ನಿಘಂಟಿಗಿಂತ ಹೆಚ್ಚು ಅವಶ್ಯ. ಅದೇ ಶತಮಾನದ ಶರಣರ ವಚನಗಳಲ್ಲಿ ಇದು ಇನ್ನೊಂದು ದಿಕ್ಕಿನಿಂದ ಕಾಣಿಸುತ್ತದೆ. ವೈದ್ಯ ಸಂಗಣ್ಣನು ತನ್ನ ವೃತ್ತಿಯ ಮಾತುಗಳನ್ನು, ರೋಗ ಔಷಧಗಳ ಪರಿಭಾಷೆಯನ್ನು, ಅನುಭಾವವನ್ನು ಹೇಳಲು ಬಳಸಿದನು. ವಾತ ಪಿತ್ತ ಶ್ಲೇಷ್ಮಗಳ ಹೆಸರು ಕೇಳುಗರಿಗೆ ಮೊದಲೇ ತಿಳಿದಿರದಿದ್ದರೆ ಅಂತಹ ವಚನ ಹುಟ್ಟುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಹಿಯಾದ ಮಾತನ್ನೂ ಆಡಬೇಕಾಗಿದೆ. ಸುಲಭವಾಗಿ ತಿಳಿಯುವಂತೆ ಹೇಳಿದ್ದೆಲ್ಲ ನಿಜವೆಂದು ಅರ್ಥವಲ್ಲ. ಜಾತಕತಿಲಕದ ಮುಖ್ಯ ವಿಷಯ ಹುಟ್ಟಿದ ಗಳಿಗೆಯಿಂದ ಆಯುಷ್ಯ, ರಾಜಯೋಗ, ಅರಿಷ್ಟಗಳನ್ನು ನಿರ್ಣಯಿಸುವುದು. ಆ ಫಲಗಳಿಗೆ ಗ್ರಹಗಳು ಕಾರಣವೆಂಬುದನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ, ಪರೀಕ್ಷೆಗಳಲ್ಲಿಯೂ ಅದು ನಿಂತಿಲ್ಲ. ಆಹವಮಲ್ಲನ ಮಗನಾದ ಕೀರ್ತಿವರ್ಮನ 'ಗೋವೈದ್ಯ'ದಲ್ಲಿ ದನದ ರೋಗಗಳಿಗೆ ಔಷಧದ ಜೊತೆಗೆ ಮಂತ್ರಗಳೂ ಬೆರೆತಿವೆ. ಓದಿದ ರೈತನಿಗೆ ಎರಡೂ ಒಂದೇ ಭಾಷೆಯಲ್ಲಿ, ಒಂದೇ ಧೈರ್ಯದ ಧ್ವನಿಯಲ್ಲಿ ದೊರೆಯುತ್ತಿದ್ದವು. ಇದರಲ್ಲಿ ಯಾವುದು ಗುಣಕೊಟ್ಟಿತು ಎಂದು ಬೇರ್ಪಡಿಸಿ ನೋಡುವ ಉಪಾಯವನ್ನು ಗ್ರಂಥವು ಅವನಿಗೆ ಕಲಿಸುತ್ತಿರಲಿಲ್ಲ. ನಮ್ಮ ಪ್ರಾಚೀನ ಶಾಸ್ತ್ರಸಾಹಿತ್ಯವನ್ನು ಹೊಗಳುವ ಉತ್ಸಾಹದಲ್ಲಿ ಈ ಅಂಶವನ್ನು ಮುಚ್ಚಿಡುವುದು ಆ ಗ್ರಂಥಕರ್ತರಿಗೂ ಗೌರವವಲ್ಲ.

ಆ ಕಾಲದಲ್ಲಿ ಇದಕ್ಕೆ ಅಪವಾದವಾಗಿ ನಿಲ್ಲುವವನು ಪೂವಿನಬಾಗೆಯ ರಾಜಾದಿತ್ಯ. ಹನ್ನೆರಡನೆಯ ಶತಮಾನದ ಈ ಜೈನಕವಿ ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದವರಲ್ಲಿ ಮೊದಲಿಗನು. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದವು ಅವನ ಕೃತಿಗಳು. ಪದ್ಯದಲ್ಲಿ ಸೂತ್ರವನ್ನು ಹೇಳಿ, ಗದ್ಯದಲ್ಲಿ ಅದನ್ನು ಬಿಡಿಸಿ, ಉದಾಹರಣೆಯ ಲೆಕ್ಕವನ್ನೂ ಕೊಡುವುದು ಅವನ ಕ್ರಮ. ಪದ್ಯದ ಅಡಕಕ್ಕೆ ಗದ್ಯದ ವಿವರಣೆ ಒದಗಿದ್ದು ದೊಡ್ಡ ಲಾಭ. ಅದಕ್ಕಿಂತ ದೊಡ್ಡದೆಂದರೆ, ತ್ರೈರಾಶಿಕದ ಉತ್ತರ ಸರಿಯೋ ತಪ್ಪೋ ಎಂಬುದನ್ನು ವ್ಯಾಪಾರಿಯು ತನ್ನ ಅಂಗಡಿಯಲ್ಲಿಯೇ ಕುಳಿತು ನೋಡಬಹುದು; ಹೊಲದ ಅಳತೆಯನ್ನು ರೈತನು ಹಗ್ಗ ಹಿಡಿದು ಪುನಃ ಅಳೆಯಬಹುದು. ಅದಕ್ಕೆ ರಾಜಾದಿತ್ಯನ ಅಪ್ಪಣೆಯೂ ಬೇಕಿಲ್ಲ, ಅವನಲ್ಲಿ ಶ್ರದ್ಧೆಯೂ ಬೇಕಿಲ್ಲ. ಓದುಗನು ಸ್ವತಃ ಒರೆಗೆ ಹಚ್ಚಬಹುದಾದ ವಿದ್ಯೆ, ನಂಬಿಯೇ ಸ್ವೀಕರಿಸಬೇಕಾದ ವಿದ್ಯೆ ಎಂಬ ಈ ಭೇದವೇ ಮುಂದಿನ ಕಥೆಯ ತಿರುಳು.

ವೀರಶೈವ ವಾಙ್ಮಯದಲ್ಲಿ ಈ ಪರಂಪರೆಯ ಶಿಖರವೆಂದರೆ ನಿಜಗುಣ ಶಿವಯೋಗಿಗಳ 'ವಿವೇಕಚಿಂತಾಮಣಿ'. ಯಳಂದೂರಿನ ಸಮೀಪದ ಶಂಭುಲಿಂಗನ ಬೆಟ್ಟದಲ್ಲಿ ತಪಗೈದ ಶಿವಯೋಗಿಗಳು ಹತ್ತು ಪರಿಚ್ಛೇದಗಳಲ್ಲಿ ವೇದಾಗಮ, ಯೋಗ, ವೈದ್ಯ, ಸಂಗೀತ, ಬ್ರಹ್ಮಾಂಡವರ್ಣನೆಗಳನ್ನು ಒಂದುಗೂಡಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಗದ್ಯ. ಇದು ಸಾಮಾನ್ಯವಾದ ನಿರ್ಧಾರವಲ್ಲ. ಷಟ್ಪದಿ ಸಾಂಗತ್ಯಗಳು ಮೆರೆಯುತ್ತಿದ್ದ ಕಾಲದಲ್ಲಿ, ಸ್ವತಃ ಮಧುರವಾದ ಹಾಡುಗಳನ್ನು ರಚಿಸಬಲ್ಲ ಒಬ್ಬರು, ವಿಷಯಕೋಶಕ್ಕೆ ಗದ್ಯವೇ ತಕ್ಕದ್ದೆಂದು ಕಂಡುಕೊಂಡರು. ಪ್ರತಿಯೊಂದು ವಿಷಯವನ್ನೂ ಹೆಸರಿಸಿ, ಎಣಿಸಿ, ವರ್ಗೀಕರಿಸಿ ಹೇಳುವ ಆ ಶೈಲಿ ಇಂದಿನ ವಿಶ್ವಕೋಶದ ನಮೂದನ್ನು ನೆನಪಿಗೆ ತರುತ್ತದೆ. ಗ್ರಂಥವು ಮರಾಠಿಗೂ ಅನುವಾದವಾಯಿತೆಂಬುದು ಅದರ ಪ್ರಭಾವಕ್ಕೆ ಸಾಕ್ಷಿ. ಆದರೆ ಅದರಲ್ಲಿಯ ಬ್ರಹ್ಮಾಂಡ ಪುರಾಣೋಕ್ತವಾದುದು. ಶಿವಯೋಗಿಗಳು ತಮ್ಮ ಕಾಲದಲ್ಲಿ ಸರ್ವಮಾನ್ಯವಾಗಿದ್ದುದನ್ನು ಪ್ರಾಮಾಣಿಕವಾಗಿ ಸಂಗ್ರಹಿಸಿಕೊಟ್ಟರು. ಸಪ್ತದ್ವೀಪಗಳನ್ನು ಭೂಪಟದಲ್ಲಿ ಹುಡುಕದಿರುವುದೇ ಅವರಿಗೆ ನಾವು ಸಲ್ಲಿಸುವ ನ್ಯಾಯ.

ಜ್ಯೋತಿಷದೊಳಗೂ ಒರೆಗೆ ನಿಲ್ಲುವ ಒಂದು ಭಾಗವಿದೆ. ಅದು ಗ್ರಹಣ. ಫಲಜ್ಯೋತಿಷ ತಪ್ಪಿದರೆ ಸಮಾಧಾನ ಹೇಳಬಹುದು. ಹೇಳಿದ ದಿನ ಗ್ರಹಣವಾಗದಿದ್ದರೆ ಸಮಾಧಾನವಿಲ್ಲ, ಊರೆಲ್ಲ ಆಕಾಶವನ್ನು ನೋಡುತ್ತಿರುತ್ತದೆ. ಚಂದ್ರನು ಸೂರ್ಯನನ್ನು ಮರೆಮಾಡುವುದರಿಂದ ಸೂರ್ಯಗ್ರಹಣ, ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದರಿಂದ ಚಂದ್ರಗ್ರಹಣ ಎಂದು ಆರ್ಯಭಟನು ಐದನೆಯ ಶತಮಾನದ ಕೊನೆಯಲ್ಲಿಯೇ ಹೇಳಿದ್ದನು. ಲೆಕ್ಕ ಮಾಡುವವರಿಗೆ ರಾಹುಕೇತುಗಳು ಚಂದ್ರನ ದಾರಿ ಸೂರ್ಯನ ದಾರಿಯನ್ನು ಕಡಿಯುವ ಎರಡು ಬಿಂದುಗಳು ಮಾತ್ರ. ಆದರೆ ಪಂಚಾಂಗ ಓದುವವರು ಜನರಿಗೆ ಹೇಳಿದ್ದು ನುಂಗುವ ರಾಹುವಿನ ಕಥೆಯನ್ನು. ಕಾರಣ ಗೊತ್ತಿದ್ದೂ ಕಥೆಯನ್ನೇ ಹಂಚಿದ ಈ ಪ್ರಸಂಗ ನಮ್ಮ ಶಾಸ್ತ್ರಪ್ರಸಾರದ ಚರಿತ್ರೆಯಲ್ಲಿ ಅತ್ಯಂತ ದೀರ್ಘವಾದ ಲೋಪವೆಂದು ನನ್ನ ಅಭಿಪ್ರಾಯ.

ಗದಗಿನ ತ್ರಿಕೂಟೇಶ್ವರನಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಲೊಕ್ಕಿಗುಂಡಿಯ ಬೀಡಿನಲ್ಲಿದ್ದಾಗ ಬಿಟ್ಟ ದತ್ತಿಯ ಶಾಸನವನ್ನು ಈ ದೃಷ್ಟಿಯಿಂದ ನೋಡಬೇಕು. ಶಕವರ್ಷ ೧೧೧೪, ಪರಿಧಾವಿ ಸಂವತ್ಸರ, ಮಾರ್ಗಶಿರ ಹುಣ್ಣಿಮೆ, ಶನಿವಾರ, ಚಂದ್ರಗ್ರಹಣ ಎಂಬುದು ಅದರ ಕಾಲನಿರ್ದೇಶ. ಲೆಕ್ಕ ಹಾಕಿದರೆ ಅದು ೧೧೯೨ನೆಯ ನವೆಂಬರ್ ೨೧ಕ್ಕೆ ಸರಿಹೊಂದುತ್ತದೆ. ಆ ದಿನ ಶನಿವಾರವೇ ಆಗಿತ್ತು, ಆ ಹುಣ್ಣಿಮೆಯಲ್ಲಿ ಗ್ರಹಣವೂ ಸಂಭವಿಸಿತ್ತು. ಪುಣ್ಯಕಾಲವೆಂದು ರಾಜನು ಕೆತ್ತಿಸಿದ ಗ್ರಹಣ ಏಳು ಶತಮಾನಗಳ ತರುವಾಯ ಇತಿಹಾಸಕಾರನಿಗೆ ಗಡಿಯಾರವಾಯಿತು. ನಮ್ಮ ಭಾಗದ ಅನೇಕ ಶಾಸನಗಳನ್ನು ಪ್ರಕಟಿಸಿದ ಫ್ಲೀಟ್ ಅವರಿಗೆ ಕಾಲಗಣನೆಯಲ್ಲಿ ನೆರವಾದ ಶಂಕರ ಬಾಳಕೃಷ್ಣ ದೀಕ್ಷಿತರು, ೧೮೯೬ರಲ್ಲಿ ಸ್ಯೂವೆಲ್ ಅವರೊಡನೆ ಭಾರತೀಯ ಪಂಚಾಂಗವನ್ನು ಕುರಿತು ಪ್ರಕಟಿಸಿದ ಗ್ರಂಥದಿಂದ ಇಂತಹ ಪರಿಶೀಲನೆ ಎಲ್ಲ ವಿದ್ವಾಂಸರಿಗೂ ಸಾಧ್ಯವಾಯಿತು.

೧೮೬೮ನೆಯ ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣದ ನೆರಳು ವಿಜಯಪುರದ ಸೀಮೆಯನ್ನು ಹಾಯ್ದು ಪೂರ್ವಕ್ಕೆ ಹೋಯಿತು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಬೀಡುಬಿಟ್ಟು, ರೋಹಿತದರ್ಶಕವೆಂಬ ಉಪಕರಣದಿಂದ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಚಾಚುಗಳನ್ನು ಪರೀಕ್ಷಿಸಿದನು. ಅವು ಕಾದು ಹೊಳೆಯುವ ಅನಿಲವೆಂಬುದು ಆ ದಿನ ಇಲ್ಲಿಯೂ ಗುಂಟೂರಿನಲ್ಲಿಯೂ ನಡೆದ ವೀಕ್ಷಣೆಗಳಿಂದ ಖಚಿತವಾಯಿತು. ಜಗತ್ತಿನ ವಿಜ್ಞಾನಚರಿತ್ರೆಯ ಒಂದು ಪುಟ ಹೀಗೆ ಕನ್ನಡ ನೆಲದಲ್ಲಿ ಬರೆಯಲ್ಪಟ್ಟಿತು.

ಆರು ವರ್ಷಗಳ ತರುವಾಯ ಪರಿಸ್ಥಿತಿ ಕೊಂಚ ಬದಲಾಯಿತು. ೧೮೭೪ನೆಯ ಡಿಸೆಂಬರ್ ೯ರಂದು ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಹಾಯ್ದು ಹೋಗುವುದಿತ್ತು. ಮದರಾಸಿನ ವೇಧಶಾಲೆಯಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅದನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಸಿದ್ಧಪಡಿಸಿ ಹಲವು ಭಾಷೆಗಳಲ್ಲಿ ಹೊರತಂದರು. ಕನ್ನಡದಲ್ಲಿ ಅದರ ಹೆಸರು 'ಶುಕ್ರಗ್ರಸ್ತ ಸೂರ್ಯಗ್ರಹಣ'. ಹೆಸರಿನ ಜಾಣ್ಮೆಯನ್ನು ನೋಡಬೇಕು. ಪಂಚಾಂಗ ಓದುವವನಿಗೆ ರಾಹುಗ್ರಸ್ತ, ಕೇತುಗ್ರಸ್ತ ಎಂಬ ಮಾತುಗಳು ಚಿರಪರಿಚಿತ. ಆ ಅಚ್ಚಿನಲ್ಲಿಯೇ ಹೊಸ ಸಂಗತಿಯನ್ನು ಎರಕ ಹೊಯ್ದರೆ ಕಿವಿಗೆ ಅದು ಅನ್ಯವೆನಿಸುವುದಿಲ್ಲ. ಹಳೆಯ ಕೋಷ್ಟಕಗಳಿಂದ ಗಣಿಸಿದ ಸ್ಥಾನಕ್ಕೂ ಆಕಾಶದಲ್ಲಿ ಕಾಣುವ ಸ್ಥಾನಕ್ಕೂ ಅಂತರ ಬಿದ್ದಾಗ ಕಣ್ಣಿಗೆ ಕಂಡದ್ದಕ್ಕೆ ತಕ್ಕಂತೆ ಗಣಿತವನ್ನು ತಿದ್ದಿಕೊಳ್ಳಬೇಕೆಂಬುದು ಆಚಾರ್ಯರ ವಾದವಾಗಿತ್ತು. ದೃಗ್ಗಣಿತ ಪಂಚಾಂಗದ ಅವರ ಪ್ರಯತ್ನವೂ ಅದಕ್ಕಾಗಿಯೇ. ನಯಸೇನನ ಸೇತುವೆ, ರಾಜಾದಿತ್ಯನ ಒರೆಗಲ್ಲು ಎರಡೂ ಒಂದೆಡೆ ಕೂಡಿದ ಕನ್ನಡ ಪುಸ್ತಕಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಇರಿಸಬೇಕು.

ಇಪ್ಪತ್ತನೆಯ ಶತಮಾನದ ಪ್ರಯತ್ನಗಳು ಓದುಗರಿಗೆ ಹೆಚ್ಚು ಪರಿಚಿತ. ಬೆಳ್ಳಾವೆ ವೆಂಕಟನಾರಣಪ್ಪನವರು ಮೊದಲಾದವರು ೧೯೧೮ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಬಹುಕಾಲ ಬಾಳಲಿಲ್ಲ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಬರೆದರು. ಈ ಸಾಹಸಗಳನ್ನು ಕುರಿತು ಬೇರೆಡೆ ಸಾಕಷ್ಟು ಚರ್ಚೆ ನಡೆದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

೧೯೮೦ನೆಯ ಫೆಬ್ರವರಿ ೧೬, ಶನಿವಾರ, ಮಧ್ಯಾಹ್ನದ ಹೊತ್ತು ಚಂದ್ರನ ನೆರಳು ಪಶ್ಚಿಮ ಕರಾವಳಿಯಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದುಹೋಯಿತು. ನಾಡಿನ ವಿಜ್ಞಾನಿಗಳು ಜವಳಗೇರಾದಂತಹ ಹಳ್ಳಿಗಳಲ್ಲಿ ಉಪಕರಣಗಳನ್ನು ಹೂಡಿ ಕಾದಿದ್ದರು. ಜನರಾದರೋ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡು ಮನೆಯೊಳಗಿದ್ದರು. ದೂರದರ್ಶನವಿದ್ದ ನಗರಗಳಲ್ಲಿ ಜನ ಹೊರಗೆ ಬರದಂತೆ ಆ ಹೊತ್ತಿಗೆ ಚಲನಚಿತ್ರವನ್ನೇ ತೋರಿಸಲಾಯ್ತು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣಿನ ಒಳಪರದೆ ಸುಟ್ಟುಹೋಗುವುದು ನಿಜ, ಆ ಎಚ್ಚರಿಕೆ ಕೊಡಲೇಬೇಕಾಗಿತ್ತು. ಆದರೆ ನೋಡಬೇಡಿರೆಂಬ ನಿಷೇಧ ಮಾತ್ರ ಮುಟ್ಟಿ, ಹೇಗೆ ನೋಡಬೇಕೆಂಬ ಉಪಾಯ ಮುಟ್ಟದೆ ಹೋದಾಗ, ವಿಜ್ಞಾನದ ಎಚ್ಚರಿಕೆ ಹಳೆಯ ಭಯಕ್ಕೆ ಹೊಸ ಸಾಕ್ಷಿಯಾಗಿಬಿಟ್ಟಿತು. ರಟ್ಟಿನಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು ಗೋಡೆಯ ಮೇಲೆ ಬಿಂಬವನ್ನು ಬೀಳಿಸಿದರೆ ಯಾವ ಅಪಾಯವೂ ಇಲ್ಲ. ಅಷ್ಟೂ ಬೇಡ. ಅಂಗಳದ ಬೇವಿನ ಮರದ ಎಲೆಗಳ ಸಂದಿಯಿಂದ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಗ್ರಹಣದ ವೇಳೆ ಕುಡುಗೋಲಿನಂತೆ ಬಾಗುತ್ತವೆ. ಗದಗ ಬೆಟಗೇರಿಯ ಪ್ರತಿಯೊಂದು ಓಣಿಯಲ್ಲಿಯೂ ಆ ಪಾಠ ನೆಲದ ಮೇಲೆ ತಾನಾಗಿ ಬರೆದುಕೊಂಡಿತ್ತು, ಓದುವವರು ಒಳಗಿದ್ದರು.

ಗ್ರಹಣದ ವೇಳೆ ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ ಒನಕೆಯನ್ನು ನಿಲ್ಲಿಸುವ ರೂಢಿ ಕನ್ನಡ ನಾಡಿನ ಹಲವೆಡೆ ಇದೆ. ಒನಕೆ ನಿಂತರೆ ಗ್ರಹಣ ಹಿಡಿದಿದೆಯೆಂದೂ ಬಿದ್ದರೆ ಬಿಟ್ಟಿತೆಂದೂ ಹೇಳುತ್ತಾರೆ. ಮರುದಿನ, ಗ್ರಹಣವಿಲ್ಲದ ಹೊತ್ತಿನಲ್ಲಿ, ಅದೇ ಒನಕೆಯನ್ನು ಅದೇ ಪರಾತದಲ್ಲಿ ನಿಲ್ಲಿಸಿ ನೋಡಬಹುದು; ತಳ ಸಪಾಟಾಗಿದ್ದರೆ ಅಂದೂ ನಿಲ್ಲುತ್ತದೆ. ಇದನ್ನು ಹೇಳಿ ಅಜ್ಜಿಯನ್ನು ಗೇಲಿಮಾಡುವವನು ಪ್ರಸಾರಕನಲ್ಲ. ಅಜ್ಜಿಯ ಕೈಗೇ ಒನಕೆ ಕೊಟ್ಟು ಮರುದಿನ ನಿಲ್ಲಿಸಿ ನೋಡಲು ಹೇಳುವವನು ರಾಜಾದಿತ್ಯನ ಸಂತತಿಯವನು. ೧೯೭೮ರಲ್ಲಿ ಆರಂಭವಾದ 'ಬಾಲವಿಜ್ಞಾನ' ಪತ್ರಿಕೆ, ೧೯೮೦ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇವುಗಳ ಮೂಲಕ ಮಾಡಿ ನೋಡುವ ಈ ಪದ್ಧತಿ ಶಾಲೆಗಳನ್ನು ತಲುಪತೊಡಗಿತು.

ಈ ಸಾಲಿನಲ್ಲಿ ಗದಗಿನವರೇ ಆದ ಡಾ. ಸ. ಜ. ನಾಗಲೋಟಿಮಠರ ಹೆಸರನ್ನು ಸ್ಮರಿಸದಿರಲು ಸಾಧ್ಯವಿಲ್ಲ. ೧೯೪೦ರಲ್ಲಿ ಗದಗಿನಲ್ಲಿ ಹುಟ್ಟಿದ ಅವರು ಬಡತನದಲ್ಲಿ ಬೆಳೆದು ವೈದ್ಯರಾದರು, ರೋಗನಿದಾನಶಾಸ್ತ್ರದ ಪ್ರಾಧ್ಯಾಪಕರಾಗಿ ಬೆಳಗಾವಿಯ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಕಲಿಸಿದರು, ೨೦೦೬ರಲ್ಲಿ ತೀರಿಕೊಂಡರು. ಆತ್ಮಕಥೆಗೆ ಅವರು ಇಟ್ಟ ಹೆಸರು 'ಬಿಚ್ಚಿದ ಜೋಳಿಗೆ'. ರೋಗನಿದಾನವೆಂದರೆ ಊಹೆಯನ್ನು ಬಿಟ್ಟು ಒಳಗನ್ನು ತೆರೆದು ನೋಡುವ ಶಾಸ್ತ್ರ. ಸಾವಿಗೆ ಕಾರಣವೇನೆಂದು ಹೊರಗೆ ನಿಂತವರು ಹತ್ತು ಹೇಳಬಹುದು. ಶವಪರೀಕ್ಷೆ ಮಾಡುವವನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಆ ಶಿಸ್ತಿನಲ್ಲಿ ಪಳಗಿದವರು ಕನ್ನಡದಲ್ಲಿ ಜನರಿಗಾಗಿ ಬರೆಯತೊಡಗಿದಾಗ ಸುಲಭವಾದ ವಿಷಯಗಳನ್ನೇ ಆರಿಸಿಕೊಳ್ಳಲಿಲ್ಲ. 'ಸತ್ತ ಮೇಲೆ ಸಮಾಜ ಸೇವೆ' ಎಂಬುದು ಅವರ ಒಂದು ಪುಸ್ತಕದ ಹೆಸರು. ಮರಣದ ತರುವಾಯ ಕಣ್ಣನ್ನು, ದೇಹವನ್ನು ದಾನ ಮಾಡುವ ವಿಚಾರ ಅದು. ದೇಹವನ್ನು ವಿಧಿಪೂರ್ವಕವಾಗಿ ಸಮಾಧಿಗೆ ಒಪ್ಪಿಸುವ ಸಂಪ್ರದಾಯದ ನಡುವೆ ನಿಂತು, ಆ ದೇಹ ವಿದ್ಯಾರ್ಥಿಗಳ ಮೇಜಿನ ಮೇಲೆ ಇನ್ನೊಂದು ಕೆಲಸಕ್ಕೆ ಬರಬಹುದೆಂದು ಹೇಳುವುದು ಗ್ರಹಣವನ್ನು ವಿವರಿಸುವುದಕ್ಕಿಂತ ಕಠಿಣವಾದ ಕಾರ್ಯ. ದಾಸೋಹದ ಅರ್ಥ ಬಲ್ಲವರಿಗೆ ಆ ಶೀರ್ಷಿಕೆಯಲ್ಲಿಯ ಸೇವೆಯೆಂಬ ಶಬ್ದವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.